ಕೊಳಚೆ ನೀರಿಗೆ ಹೆಪ್ಪು ಹಾಕಿದ ಫೌಲರ್

ಮಕ್ಕಳೇ, ಹಾಲಿಗೆ ನಿನ್ನೆಯ ಮೊಸರನ್ನು ತುಸು ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಮೊಸರಾಗುತ್ತದೆ. ಹೆಪ್ಪಿನಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ ಎಂಬುದು ನಿಮಗೆ ಗೊತ್ತು. ಕೊಳಚೆ ನೀರಿಗೂ ಹೀಗೆ ಹೆಪ್ಪು ಹಾಕಬಹುದೆ? ಹಾಕಬಹುದು. ಆ ದಾರಿ ಕಂಡುಕೊಂಡ ತಂಡದ ಹಿರಿಯರು ಗಿಲ್ಬರ್ಟ್ ಜಾನ್ ಫೌಲರ್. ಮುಂದೆ ನಮ್ಮ ಬೆಂಗಳೂರಿಗೇ ಬಂದು ಪಾಠ ಹೇಳಿದವರು.

ಫೌಲರ್ ಹುಟ್ಟಿದ್ದು 1868ರಲ್ಲಿ. ರಸಾಯನವಿಜ್ಞಾನ ಕಲಿತು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಕೊಳಚೆ ನೀರಿನ ವಿಭಾಗ ಸೇರಿದರು. ಅದು ಬಟ್ಟೆ ಗಿರಣಿಗಳ ಊರು. ಲಕ್ಷಾಂತರ ಜನರ ಹೊಲಸು ನದಿಗೆ ಸೇರುತ್ತಿತ್ತು. ಚರಂಡಿ ನೀರನ್ನು ಜಲ್ಲಿ ತುಂಬಿದ ಹಾಸುಗಳಲ್ಲಿ ನಿಲ್ಲಿಸಿ ಶುದ್ಧಮಾಡುತ್ತಿದ್ದರು. ಅದಕ್ಕೆ ಎಕರೆಗಟ್ಟಲೆ ಜಾಗ ಬೇಕಿತ್ತು.

1912ರಲ್ಲಿ ಫೌಲರ್ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರಕ್ಕೆ ಹೋದರು. ಅಲ್ಲಿ ಬಾಟಲಿಯಲ್ಲಿ ತುಂಬಿದ ಕೊಳಚೆಗೆ ಗಾಳಿ ಊದುತ್ತಿದ್ದರು. ಮರಳಿ ಬಂದು, ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರಿಗೆ ಇಂಥದೇ ಪ್ರಯೋಗ ಮಾಡಲು ಸೂಚಿಸಿದರು. ಮೊದಲ ಸಲ ನೀರು ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ಊರಿನ ಚರಂಡಿ ಐದು ವಾರ ಕಾಯುತ್ತದೆಯೆ? ತಳದ ಕೆಸರನ್ನು ಚೆಲ್ಲಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ತಿಳಿನೀರನ್ನಷ್ಟೇ ಬಸಿದರು. ಕೆಸರನ್ನು ಉಳಿಸಿಕೊಂಡು, ಹೊಸ ಕೊಳಚೆ ಸುರಿದು, ಮತ್ತೆ ಗಾಳಿ ಊದಿದರು. ಹೀಗೆ ಮಾಡುತ್ತ ಹೋದಂತೆ ಐದು ವಾರದ ಕೆಲಸ ಒಂದೇ ದಿನದೊಳಗೆ ಮುಗಿಯತೊಡಗಿತು! ಕೆಸರೇ ಹೆಪ್ಪು. ಅದರಲ್ಲಿದ್ದ ಕೋಟ್ಯಂತರ ಬ್ಯಾಕ್ಟೀರಿಯಾಗಳು ಗಾಳಿಯ ಆಮ್ಲಜನಕ ಬಳಸಿ ಹೊಲಸನ್ನು ತಿಂದು ಕರಗಿಸುತ್ತಿದ್ದವು. ಇದಕ್ಕೆ 'ಆಕ್ಟಿವೇಟೆಡ್ ಸ್ಲಡ್ಜ್' ಎಂದು ಹೆಸರಾಯಿತು. ಚುರುಕುಗೊಂಡ ಕೆಸರು ಎನ್ನೋಣ. 1914ರ ಏಪ್ರಿಲ್‌ನಲ್ಲಿ ಮಂಡಿಸಿದ ಪ್ರಬಂಧದ ಮೇಲಿರುವುದು ಆರ್ಡರ್ನ್, ಲಾಕೆಟ್ ಹೆಸರುಗಳು ಮಾತ್ರ. ಫೌಲರ್ ಹೆಸರಿಲ್ಲ. ನನಗಂತೂ ಇದು ಬಹಳ ಹಿಡಿಸಿದ ಸಂಗತಿ.

1916ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಇಂದು ಅದೇ ಬೆಂಗಳೂರಿನ ದೊಡ್ಡ ಶುದ್ಧೀಕರಣ ಘಟಕಗಳಲ್ಲಿ ಚುರುಕು ಕೆಸರು ದುಡಿಯುತ್ತಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಹೀಗೆ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದು ಕುಡಿಯುವ ನೀರಲ್ಲ, ಅಂತರ್ಜಲ ಹೆಚ್ಚಿಸಲು ಬಿಟ್ಟಿದ್ದು.

ಆದರೆ ಶಿರಾ ಸೀಮೆಯ ಹಳ್ಳಿಗಳಂಥ ಕಡೆ ಗಾಳಿ ಊದುವ ಯಂತ್ರ, ಅದಕ್ಕೆ ಹಗಲೂ ರಾತ್ರಿ ವಿದ್ಯುತ್ತು ಎಲ್ಲಿಂದ ತರುವುದು? ಫೌಲರ್ ಅವರ ಇನ್ನೊಂದು ಕೆಲಸ ಇಲ್ಲಿ ನಮಗೆ ಹತ್ತಿರ. ಕೊಳಚೆಯಲ್ಲಿರುವ ಸಾರಜನಕ ಹೊಲದಿಂದ ಬಂದದ್ದು, ಅದು ಹೊಲಕ್ಕೇ ಮರಳಬೇಕು ಎಂಬುದು ಅವರ ವಿಚಾರ. ಈ ವಿಷಯವಾಗಿ 1934ರಲ್ಲಿ ಪುಸ್ತಕವನ್ನೂ ಬರೆದರು. ಬೆಂಗಳೂರಿನಲ್ಲಿ ಕಸಕಡ್ಡಿಗೆ ಸಗಣಿ, ಗಂಜಲ ಬೆರೆಸಿ ಕಾಂಪೋಸ್ಟ್ ಮಾಡಿ ನೋಡಿದರು. ಒಮ್ಮೆ ಚೆನ್ನಾಗಿ ಕಾವೇರಿದ ರಾಶಿಗೆ ಹೊಸ ಕಸ ಸೇರಿಸುತ್ತ ಹೋದರೆ ಅದೂ ಬೇಗ ಗೊಬ್ಬರವಾಗುತ್ತದೆ. ಮತ್ತೆ ಅದೇ ಹೆಪ್ಪು!

ಫೌಲರ್ 1953ರಲ್ಲಿ ತೀರಿಕೊಂಡರು. ನಿಮ್ಮ ಮನೆಯ ತಿಪ್ಪೆಗುಂಡಿ ಬರಿದು ಮಾಡುವಾಗ ಒಂದೆರಡು ಮಂಕರಿ ಹಳೆಯ ಗೊಬ್ಬರವನ್ನು ತಳದಲ್ಲೇ ಬಿಡಿಸಿ. ಅದರ ಮೇಲೆ ಹೊಸ ಕಸ, ಸಗಣಿ ಹಾಕಿಸಿ, ಆಗಾಗ ಕೆದಕಿ ಗಾಳಿಯಾಡಿಸಿ, ಎಷ್ಟು ದಿನಕ್ಕೆ ಕೊಳೆಯಿತು ಎಂದು ಬರೆದಿಡಿ.