ಜೋಡಿಯಾಟದ ಅಣ್ಣ: ರೆಜಿನಾಲ್ಡ್ ಡೊಹರ್ಟಿ

ಸೊರಬ ತಾಲ್ಲೂಕಿನ ಕುಬಟೂರು ನನ್ನ ಹುಟ್ಟೂರು. ಚಂದ್ರಹಾಸನ ಕುಂತಳಪುರ ಇದೇ ಎಂದು ನಮ್ಮ ಹಿರಿಯರು ಅಭಿಮಾನದಿಂದ ಹೇಳುವುದುಂಟು. ಸುಗ್ಗಿ ಮುಗಿದ ಮೇಲೆ ಅಲ್ಲಿನ ಬಯಲಿನಲ್ಲಿ ನಾವು ಬಲೆ ಕಟ್ಟಿ ಬಾಲ್ ಬ್ಯಾಡ್ಮಿಂಟನ್ ಆಡುತ್ತೇವೆ. ನಾನೂ ನನ್ನಣ್ಣನೂ ಒಂದು ಜೋಡಿ. ನಡುವೆ ಬಂದ ಚೆಂಡಿಗೆ ಇಬ್ಬರೂ ನುಗ್ಗಿ, ಬ್ಯಾಟಿಗೆ ಬ್ಯಾಟು ತಾಗಿಸಿ, ಸೋತು, ದಾರಿಯುದ್ದಕ್ಕೂ ಜಗಳವಾಡುತ್ತ ಮನೆ ಸೇರಿದ್ದೇ ಹೆಚ್ಚು.

2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣನವರು ತಮ್ಮ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಟೆನ್ನಿಸ್‌ನ ಪುರುಷರ ಜೋಡಿಯಾಟವನ್ನು ಗೆದ್ದರು. ಅಂದಿನಿಂದ ಆ ಆಟದ ಪೂರ್ವಿಕರನ್ನು ಕುರಿತು ತಿಳಿಯುವ ಕುತೂಹಲ ನನಗುಂಟಾಯಿತು. ಹಾಗೆ ಪರಿಚಯವಾದವನು ರೆಜಿನಾಲ್ಡ್ ಡೊಹರ್ಟಿ.

ಈತನು ಹುಟ್ಟಿದ್ದು 1872ರಲ್ಲಿ, ಇಂಗ್ಲೆಂಡಿನ ವಿಂಬಲ್ಡನ್‌ನಲ್ಲಿಯೇ. ತಮ್ಮ ಲಾರೆನ್ಸ್ ಮೂರು ವರ್ಷಕ್ಕೆ ಚಿಕ್ಕವನು. ಇಬ್ಬರೂ ಕೇಂಬ್ರಿಜ್‌ನಲ್ಲಿ ಓದಿದರು. ಅಣ್ಣನದು ನೀಳವಾದ, ಕೃಶವಾದ ಮೈಕಟ್ಟು; ಅನಾರೋಗ್ಯವು ಜೀವಮಾನವಿಡೀ ಬೆನ್ನು ಬಿಡಲಿಲ್ಲ. ಆದರೂ 1897ರಿಂದ 1900ರವರೆಗೆ ನಾಲ್ಕು ವರ್ಷ ವಿಂಬಲ್ಡನ್ನಿನ ಒಂಟಿಯಾಟ ಅವನದೇ ಆಯಿತು. 1898ರಲ್ಲಿ ಕೊನೆಯ ಪಂದ್ಯಕ್ಕೆ ಎದುರು ನಿಂತವನು ಸ್ವಂತ ತಮ್ಮನೇ. ಅಂದು ಐದು ಸೆಟ್ಟುಗಳವರೆಗೆ ಆಡಿ ಅಣ್ಣ ಗೆದ್ದನು.

ಆದರೆ ಇಬ್ಬರೂ ಒಂದೇ ಕಡೆ ನಿಂತಾಗಿನ ಸೊಗಸೇ ಬೇರೆ. 1897ರಿಂದ 1905ರೊಳಗೆ ಈ ಸೋದರರು ವಿಂಬಲ್ಡನ್ನಿನ ಜೋಡಿಯಾಟವನ್ನು ಎಂಟು ಸಲ ಗೆದ್ದರು. ನಡುವೆ 1902ರಲ್ಲಿ ಸ್ಮಿತ್ ಮತ್ತು ರೈಸ್ಲಿ ಜೋಡಿಗೆ ಸೋತರು. ಮರುವರ್ಷ ಅವರನ್ನೇ ಸೋಲಿಸಿದರು. 1906ರಲ್ಲಿ ಮತ್ತೆ ಅದೇ ಜೋಡಿಗೆ ಸೋತರು.

ಗೆಲುವಿಗಿಂತಲೂ ನನ್ನ ಮನಸ್ಸನ್ನು ಸೆಳೆದವು ಎರಡು ಸಂಗತಿಗಳು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನ ಒಂಟಿಯಾಟದಲ್ಲಿ ಸೋದರರು ಉಪಾಂತ್ಯದಲ್ಲಿಯೇ ಎದುರಾಗಬೇಕಾಯಿತು. ಅಣ್ಣ ಆಡದೆ ದಾರಿ ಬಿಟ್ಟುಕೊಟ್ಟನು. ತಮ್ಮ ಮುಂದೆ ಹೋಗಿ ಚಿನ್ನ ಗೆದ್ದನು. ಜೋಡಿಯಾಟದ ಚಿನ್ನವನ್ನು ಇಬ್ಬರೂ ಕೂಡಿ ಗೆದ್ದರು. 1903ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಡೇವಿಸ್ ಕಪ್ ಪಂದ್ಯ. ಅಣ್ಣನ ಭುಜಕ್ಕೆ ನೋವು. ಮೊದಲನೆಯ ಪಂದ್ಯವನ್ನು ಆಡದೆಯೇ ಎದುರಾಳಿಗೆ ಒಪ್ಪಿಸಿ, ಉಳಿದ ಶಕ್ತಿಯನ್ನು ಮುಂದಿನ ಆಟಗಳಿಗೆ ಕಾದಿರಿಸಿದನು. ಜೋಡಿಯಾಟವನ್ನು ಸೋದರರು ಗೆದ್ದರು. ಕಪ್ ಇಂಗ್ಲೆಂಡಿಗೆ ಬಂದಿತು.

ನಮ್ಮೂರ ಕಥೆಯಲ್ಲಿ ಚಂದ್ರಹಾಸನನ್ನು ಅರಮನೆಗೆ ಕಳುಹಿಸಿ, ಅವನ ಬದಲಿಗೆ ದೇವಿಯ ಗುಡಿಗೆ ಹೋದ ಮದನನ ನೆನಪು ನನಗಾಯಿತು. ತಾನು ಹಿಂದೆ ಸರಿಯುವುದೂ ಒಂದು ಆಟವೇ ಅಲ್ಲವೆ?

1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹಿಲ್‌ಯರ್ಡ್ ಎಂಬವನೊಡನೆ ಕೂಡಿ ರೆಜಿನಾಲ್ಡ್ ಮತ್ತೊಮ್ಮೆ ಜೋಡಿಯಾಟದ ಚಿನ್ನ ಗೆದ್ದನು. 1910ರ ಡಿಸೆಂಬರ್‌ನಲ್ಲಿ, ಕೇವಲ 38ನೆಯ ವಯಸ್ಸಿನಲ್ಲಿ ತೀರಿಕೊಂಡನು. ತಮ್ಮನೂ ಹೆಚ್ಚು ಕಾಲ ಬಾಳಲಿಲ್ಲ, 1919ರಲ್ಲಿ ಮಡಿದನು. 1931ರಲ್ಲಿ ಅವರ ಇನ್ನೊಬ್ಬ ಸೋದರನು ಇಬ್ಬರ ನೆನಪಿಗಾಗಿ ವಿಂಬಲ್ಡನ್ ಕ್ರೀಡಾಂಗಣಕ್ಕೆ ಬಾಗಿಲುಗಳನ್ನು ಕೊಡುಗೆಯಾಗಿತ್ತನು.

ಇಬ್ಬರನ್ನು ಓದಿಸುವ ಶಕ್ತಿ ನಮ್ಮ ಮನೆಗಿರಲಿಲ್ಲ. ಅಣ್ಣನು ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿ ಗದ್ದೆಗಿಳಿದನು. ನಾನು ಕಾಲೇಜಿಗೆ ಬಂದೆನು. ಆ ಮಾತನ್ನು ಅವನು ಒಂದು ದಿನವೂ ಎತ್ತಿದವನಲ್ಲ. ಈ ರಜೆಯಲ್ಲಿ ಊರಿಗೆ ಹೋದಾಗ, ನಡುವೆ ಬಂದ ಚೆಂಡನ್ನು ಅವನಿಗೇ ಬಿಡಬೇಕೆಂದಿದ್ದೇನೆ.