ಸೇವಾದಳದ ಶಿಲ್ಪಿ ಡಾಕ್ಟರ ನಾ. ಸು. ಹರ್ಡೀಕರ

ಸ್ವಾತಂತ್ರ್ಯೋತ್ಸವದ ಮುಂಜಾವಿನಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಶಾಲೆಗಳ ಅಂಗಳದಲ್ಲಿ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. ಶುಭ್ರ ಉಡುಪು ತೊಟ್ಟು, ತಲೆಗೆ ಬಿಳಿಯ ಟೊಪ್ಪಿಗೆ ಇಟ್ಟು, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವ ಭಾರತ ಸೇವಾದಳದ ಬಾಲಕ ಬಾಲಕಿಯರನ್ನು ಕಂಡು ನೆರೆದ ಪಾಲಕರು ಹಿಗ್ಗುತ್ತಾರೆ. ಧ್ವಜವಂದನೆ ಮುಗಿದ ಮೇಲೆ ಆ ಸಾಲು ಕರಗುತ್ತದೆ, ಅಂಗಳ ಮತ್ತೆ ಬರಿದಾಗುತ್ತದೆ. ಆ ಸಾಲನ್ನು ಮೊದಲು ಕಟ್ಟಿದವರು ಯಾರು, ಯಾವ ಉದ್ದೇಶದಿಂದ ಕಟ್ಟಿದರು ಎಂಬುದು ಬಹುಮಂದಿಯ ನೆನಪಿನಿಂದ ಮರೆಯಾಗಿದೆ. ಅವರೊಬ್ಬ ವೈದ್ಯರು. ಔಷಧದ ಸೀಸೆಗಿಂತ ಮೊದಲು ಆಟದ ಬಯಲನ್ನು ತೆರೆದವರು. ಅವರೇ ಡಾಕ್ಟರ ನಾರಾಯಣ ಸುಬ್ಬರಾವ ಹರ್ಡೀಕರ.

ಹರ್ಡೀಕರರು 1889ರ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಸುಬ್ಬರಾವ, ತಾಯಿ ಯಮುನಾಬಾಯಿ. ಅವರ ಬಾಲ್ಯಕಾಲವು ಉತ್ತರ ಕರ್ನಾಟಕದ ಪಾಲಿಗೆ ಘೋರವಾದ ಕಾಲವಾಗಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡೇ ವರ್ಷಗಳಲ್ಲಿ ಹುಬ್ಬಳ್ಳಿ ಧಾರವಾಡಗಳ ಸೀಮೆಯನ್ನು ಮುತ್ತಿತು. ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ದಿನಗಳೆಯುವ ಪರಿಸ್ಥಿತಿ ಒದಗಿತು. ರೋಗವೆಂಬುದು ಒಬ್ಬೊಬ್ಬರ ಹಣೆಬರಹವಲ್ಲ, ಊರೊಟ್ಟಿನ ದುರವಸ್ಥೆ ಎಂಬ ಪಾಠವನ್ನು ಆ ತಲೆಮಾರಿನ ಮಕ್ಕಳು ಶಾಲೆಯ ಹೊರಗೇ ಕಲಿಯಬೇಕಾಯಿತು.

ಆ ತರುವಾಯ ಬಂದುದು ಸ್ವದೇಶೀ ಚಳವಳಿಯ ಕಾಲ. 1905ರ ವಂಗಭಂಗದಿಂದ ದೇಶವೆಲ್ಲ ಕುದಿಯುತ್ತಿದ್ದಾಗ ಲೋಕಮಾನ್ಯ ತಿಲಕರ ಪ್ರಭಾವವು ಧಾರವಾಡ ಜಿಲ್ಲೆಯ ತರುಣರ ಮೇಲೆ ಬಲವಾಗಿ ಬಿದ್ದಿತ್ತು. ಹರ್ಡೀಕರರೂ ಅದಕ್ಕೆ ಹೊರತಾಗಲಿಲ್ಲ. ಕಲಕತ್ತೆಯಲ್ಲಿ ವೈದ್ಯವಿದ್ಯೆಯನ್ನು ಪೂರೈಸಿ, 1913ರಲ್ಲಿ ಅವರು ಅಮೇರಿಕೆಗೆ ತೆರಳಿದರು. ಅಲ್ಲಿನ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಅವರು ಆರಿಸಿಕೊಂಡ ವಿಷಯ ಗಮನಾರ್ಹವಾದುದು. ಹಣ ಗಳಿಕೆಗೆ ಹೆದ್ದಾರಿಯಾದ ಶಸ್ತ್ರಚಿಕಿತ್ಸೆಯನ್ನಾಗಲಿ, ವಿಶೇಷ ರೋಗಗಳ ಚಿಕಿತ್ಸೆಯನ್ನಾಗಲಿ ಆರಿಸದೆ ಅವರು ಸಾರ್ವಜನಿಕ ಆರೋಗ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಚಿಕಿತ್ಸಕನು ತನ್ನ ಬಾಗಿಲಿಗೆ ಬಂದ ರೋಗಿಯನ್ನು ನೋಡುತ್ತಾನೆ. ಸಾರ್ವಜನಿಕ ಆರೋಗ್ಯದ ವೈದ್ಯನು ಇನ್ನೂ ಬಾರದಿರುವ ಊರನ್ನು ನೋಡುತ್ತಾನೆ. ಕುಡಿಯುವ ನೀರು, ಚರಂಡಿ, ಗಾಳಿ, ಆಹಾರ, ಅಂಗಸಾಧನೆ ಇವೇ ಅವನ ಔಷಧಗಳು. ಈ ದೃಷ್ಟಿಯೇ ಹರ್ಡೀಕರರ ಮುಂದಿನ ಬಾಳಿನ ತಳಹದಿಯಾಯಿತು.

ಅಮೇರಿಕೆಯಲ್ಲಿಯೇ ಅವರಿಗೆ ಲಾಲಾ ಲಜಪತರಾಯರ ಸಹವಾಸ ದೊರೆಯಿತು. 1917ರಲ್ಲಿ ನ್ಯೂಯಾರ್ಕಿನಲ್ಲಿ ಲಾಲಾಜಿಯವರು ಇಂಡಿಯಾ ಹೋಂರೂಲ್ ಲೀಗನ್ನು ಸ್ಥಾಪಿಸಿದಾಗ ಹರ್ಡೀಕರರು ಅದರ ಸಂಘಟನೆಯ ಹೊರೆಯನ್ನು ಹೊತ್ತರು. ಲೀಗಿನ ಪತ್ರಿಕೆಯಾದ ಯಂಗ್ ಇಂಡಿಯಾದ ಕಾರ್ಯದಲ್ಲಿ ಕೈಗೂಡಿಸಿದರು. ಊರೂರು ತಿರುಗಿ ಜನರನ್ನು ಕೂಡಿಸುವುದು, ಲೆಕ್ಕಪತ್ರ ಇಡುವುದು, ಹೇಳಿದ ವೇಳೆಗೆ ಕೆಲಸ ಮುಗಿಸುವುದು ಈ ಎಲ್ಲ ಗುಣಗಳೂ ಅಲ್ಲಿ ಅವರಿಗೆ ಕರಗತವಾದವು. ಅದೇ ಅವಧಿಯಲ್ಲಿ, 1918ರಲ್ಲಿ, ಇನ್ಫ್ಲುಯೆಂಜಾ ಜ್ವರವು ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ದೇಶಕ್ಕೆ ಸ್ವರಾಜ್ಯವೂ ಬೇಕಾಗಿತ್ತು, ಬಲವಾದ ಮೈಯೂ ಬೇಕಾಗಿತ್ತು.

1921ರಲ್ಲಿ ತಾಯ್ನಾಡಿಗೆ ಮರಳಿದ ಹರ್ಡೀಕರರು ಹುಬ್ಬಳ್ಳಿಯನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. ಪರದೇಶದ ಪದವಿ ಪಡೆದ ವೈದ್ಯರು ಬೆರಳೆಣಿಕೆಯಷ್ಟಿದ್ದ ಆ ಕಾಲದಲ್ಲಿ ದೊಡ್ಡ ದವಾಖಾನೆ ತೆರೆದು ಸುಖವಾಗಿರುವುದು ಅವರಿಗೆ ಕಷ್ಟವೇನಿರಲಿಲ್ಲ. ಅವರು ಹಿಡಿದುದು ಬೇರೆ ದಾರಿ. ತರುಣರನ್ನು ಕೂಡಿಸಿ ಸೇವಾಮಂಡಲವನ್ನು ಕಟ್ಟಿ, ವ್ಯಾಯಾಮ, ಕವಾಯತು, ಶಿಸ್ತು, ಜನಸೇವೆಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕನ್ನಡ ನಾಡಿಗೆ ಅಂಗಸಾಧನೆ ಹೊಸದಾಗಿರಲಿಲ್ಲ. ಊರೂರಿಗೆ ಗರಡಿಮನೆಗಳಿದ್ದವು, ಕೆಮ್ಮಣ್ಣಿನ ಅಖಾಡದಲ್ಲಿ ಸಾಮು ತೆಗೆಯುವ, ಗುಂಡು ಎತ್ತುವ, ಮಲ್ಲಗಂಬ ಏರುವ ಪಟುಗಳಿದ್ದರು. ಆದರೆ ಗರಡಿಯು ಬಹುಮಟ್ಟಿಗೆ ಊರಿಗೊಬ್ಬ ಪೈಲವಾನನನ್ನು ತಯಾರಿಸುವ ತಾಣವಾಗಿತ್ತು. ಅವನ ಗೆಲುವನ್ನು ಕಂಡು ಊರವರು ಹೆಮ್ಮೆಪಡುತ್ತಿದ್ದರೇ ಹೊರತು ತಮ್ಮ ಮೈಯನ್ನು ದಣಿಸುತ್ತಿರಲಿಲ್ಲ. ಕವಾಯತಿನ ಬಯಲಿನ ರೀತಿಯೇ ಬೇರೆ. ಅಲ್ಲಿ ಬಲಾಢ್ಯನೂ ಬಡಕಲು ಮೈಯವನೂ ಒಂದೇ ಸಾಲಿನಲ್ಲಿ ನಿಲ್ಲಬೇಕು, ಒಂದೇ ಹೆಜ್ಜೆ ಹಾಕಬೇಕು. ಅದಕ್ಕೆ ಬೆಲೆಬಾಳುವ ಸಲಕರಣೆ ಬೇಡ, ಹಾಲು ಬಾದಾಮಿಯ ಖುರಾಕು ಬೇಡ. ಬೇಕಾದುದು ಒಂದು ಬಯಲು ಮತ್ತು ನಿಯಮಿತವಾದ ಒಂದು ವೇಳೆ. ವ್ಯಾಯಾಮವನ್ನು ಕೆಲವರ ಕೀರ್ತಿಯಿಂದ ಎಲ್ಲರ ರೂಢಿಯ ಕಡೆಗೆ ತಿರುಗಿಸಿದುದೇ ಹರ್ಡೀಕರರ ಕಾರ್ಯದ ತಿರುಳು.

ಈ ಶಿಕ್ಷಣದ ಪರೀಕ್ಷೆಯು ಬೇಗನೆ ಒದಗಿ ಬಂದಿತು. 1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಹರ್ಡೀಕರರು ಹುಬ್ಬಳ್ಳಿಯ ಸ್ವಯಂಸೇವಕರೊಡನೆ ಅದರಲ್ಲಿ ಸೇರಿ ಸೆರೆಮನೆ ಕಂಡರು. ಸೆರೆಮನೆಯ ಬವಣೆಯನ್ನು ತಾಳಲಾರದೆ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡವು ಎದೆಗುಂದದೆ ನಿಂತಿತು. ತಾಳಿಕೆಯೆಂಬುದು ಭಾಷಣದಿಂದ ಬರುವುದಲ್ಲ, ದಿನದಿನದ ಅಭ್ಯಾಸದಿಂದ ಬರುವಂಥದು ಎಂಬುದು ದೇಶದ ನಾಯಕರಿಗೆ ಮನದಟ್ಟಾಯಿತು.

ಅದೇ ವರ್ಷದ ಕೊನೆಯಲ್ಲಿ ಕಾಕಿನಾಡದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದ ಕಾಲಕ್ಕೆ ಹಿಂದುಸ್ತಾನೀ ಸೇವಾದಳವು ಜನ್ಮ ತಾಳಿತು. ಜವಾಹರಲಾಲ ನೆಹರೂ ಅವರು ಅದರ ಮೊದಲ ಅಧ್ಯಕ್ಷರಾದರು; ನಡೆಸುವ ಭಾರ ಹರ್ಡೀಕರರದಾಯಿತು. ಆದರೆ ದಾರಿ ನಿಷ್ಕಂಟಕವಾಗಿರಲಿಲ್ಲ. ಅಹಿಂಸೆಯ ವ್ರತ ತೊಟ್ಟ ಸಂಸ್ಥೆಗೆ ಸಿಪಾಯಿಗಳಂತೆ ಕವಾಯತು ಮಾಡುವ ದಳವೇಕೆಂದು ಹಿರಿಯರಲ್ಲಿ ಹಲವರು ಶಂಕಿಸಿದರು. ಅವರ ಅಂಜಿಕೆ ನಿರಾಧಾರವಾದುದೇನಲ್ಲ. ಸಾಲುಗಟ್ಟಿ ನಡೆಯುವ ಕಾಲುಗಳು ಎತ್ತ ನಡೆಯುತ್ತವೆಂಬುದು ನಡೆಸುವವರ ಮೇಲೆ ನಿಂತಿದೆ. ಅದೇ ಕಾಲದ ಯೂರೋಪಿನಲ್ಲಿ ಕವಾಯತಿನ ದಳಗಳು ದ್ವೇಷದ ದಳಗಳಾದುದನ್ನು ಜಗತ್ತು ಮುಂದೆ ಕಂಡಿತು. ಈ ಶಂಕೆಗೆ ಹರ್ಡೀಕರರು ಕೃತಿಯಿಂದಲೇ ಉತ್ತರವಿತ್ತರು. ಅವರ ದಳದ ಹೆಸರಿನಲ್ಲಿಯೇ ಸೇವೆ ಇತ್ತು.

ಆ ಉತ್ತರವನ್ನು ದೇಶವು ಬೆಳಗಾವಿಯಲ್ಲಿ ಕಣ್ಣಾರೆ ಕಂಡಿತು. 1924ರ ಡಿಸೆಂಬರದಲ್ಲಿ ಅಲ್ಲಿ ಜರುಗಿದುದು ಮಹಾತ್ಮಾ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ. ಗಂಗಾಧರರಾವ ದೇಶಪಾಂಡೆಯವರ ನೇತೃತ್ವದಲ್ಲಿ ವಿಜಯನಗರವೆಂಬ ತಾತ್ಕಾಲಿಕ ಪಟ್ಟಣವೇ ಎದ್ದು ನಿಂತಿತು. ನೀರಿಗಾಗಿ ಪಂಪಾಸರೋವರವೆಂಬ ಹೆಸರಿನ ಬಾವಿಯನ್ನು ತೋಡಲಾಯಿತು. ಸಾವಿರಾರು ಜನರು ಕೆಲವು ದಿನ ಒಂದೆಡೆ ತಂಗುವಲ್ಲಿ ನೀರು ಕೆಡಬಹುದು, ಹೊಲಸು ಹರಡಬಹುದು, ಬೇನೆ ಹಬ್ಬಬಹುದು. ಜಾತ್ರೆಗಳಲ್ಲಿ ಕಾಲರಾ ಕಂಡ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ವ್ಯವಸ್ಥೆ ಕಾಯುವ, ಶುಚಿತ್ವ ನೋಡಿಕೊಳ್ಳುವ ಹೊಣೆಯನ್ನು ಸ್ವಯಂಸೇವಕರು ಹೊತ್ತರು. ಕವಾಯತಿನಲ್ಲಿ ಪಳಗಿದ ಕೈಗಳು ಪೊರಕೆ ಹಿಡಿಯಲು ನಾಚಲಿಲ್ಲ.

ಈ ಅಧಿವೇಶನದ ಇನ್ನೊಂದು ವಿಶೇಷವೆಂದರೆ ಮಹಿಳೆಯರ ದಳ. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡವರು. ಭಗಿನೀ ಮಂಡಲವನ್ನು ಕಟ್ಟಿ, ತಿಲಕ ಕನ್ಯಾಶಾಲೆಯನ್ನು ನಡೆಸಿದವರು. ಹರ್ಡೀಕರರೊಡನೆ ಅವರು ಪ್ರಾಂತವನ್ನೆಲ್ಲ ಸುತ್ತಿ 150ಕ್ಕೂ ಹೆಚ್ಚು ಸ್ತ್ರೀಯರನ್ನು ಬೆಳಗಾವಿಯ ಸೇವೆಗೆ ಅಣಿಗೊಳಿಸಿದರು. ಕಮಲಾದೇವಿ ಚಟ್ಟೋಪಾಧ್ಯಾಯರೂ ದಳದ ಮಹಿಳಾ ವಿಭಾಗದ ಹೊಣೆ ಹೊತ್ತು ದುಡಿದರು. ಮನೆಯ ಹೊಸ್ತಿಲು ದಾಟಲು ಹತ್ತು ಜನರ ಅಪ್ಪಣೆ ಬೇಕಾಗಿದ್ದ ಕಾಲದಲ್ಲಿ, ಗೃಹಿಣಿಯರೂ ವಿಧವೆಯರೂ ಬಯಲಿನಲ್ಲಿ ತಲೆಯೆತ್ತಿ ನಿಂತು ಕವಾಯತು ಮಾಡಿದುದು ಸಾಮಾನ್ಯ ಸಂಗತಿಯಲ್ಲ. ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಸೇವಾದಳದ ಬಯಲಿಗೆ ಬಾಗಿಲೇ ಇರಲಿಲ್ಲ.

ಮುಂದೆ ದಳದ ಶಿಬಿರಗಳು ದೇಶದ ಅನೇಕ ಪ್ರಾಂತಗಳಲ್ಲಿ ನಡೆದವು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಅಲ್ಲಿ ತರಬೇತಿ ಹೊಂದಿದವರು ಮುಂದಿನ ಸಾಲಿನಲ್ಲಿ ನಿಂತರು. ಹರ್ಡೀಕರರು ಮತ್ತೆ ಮತ್ತೆ ಸೆರೆವಾಸ ಅನುಭವಿಸಿದರು. 1931ರಲ್ಲಿ ದಳವು ಕಾಂಗ್ರೆಸ್ಸಿನ ಅಧಿಕೃತ ಅಂಗವಾಯಿತು. 1932ರಲ್ಲಿ ಸರಕಾರವು ಅದನ್ನು ನಿಷೇಧಿಸಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದರೂ ಸೇವಾದಳದ ಮೇಲಿನದು ತೆರವಾಗಲಿಲ್ಲ. ಪರಕೀಯ ಸರಕಾರವು ಠರಾವುಗಳಿಗಿಂತ ಶಿಸ್ತಿನಿಂದ ನಿಂತ ಮೈಗಳಿಗೆ ಹೆಚ್ಚು ಅಂಜಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟೆಲ್ಲದರ ನಡುವೆ ಹರ್ಡೀಕರರೊಳಗಿನ ವೈದ್ಯರು ನಿದ್ರಿಸಿರಲಿಲ್ಲ. ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ 1929ರಲ್ಲಿ ಸ್ಥಾಪನೆಯಾದ ಕರ್ನಾಟಕ ಆರೋಗ್ಯಧಾಮದ ಹಿಂದೆ ಡಾಕ್ಟರ ಕೊಕಟನೂರ ಮೊದಲಾದ ವೈದ್ಯಮಿತ್ರರೊಡನೆ ಅವರೂ ಇದ್ದರು. ಹಳ್ಳಿಗಾಡಿನ ಬಡರೋಗಿಗಳಿಗೆ ಆಸರೆಯಾದ ಆ ಸಂಸ್ಥೆಗೆ ರೋಗಾಲಯವೆಂಬ ಹೆಸರನ್ನಿಡದೆ ಆರೋಗ್ಯದ ಹೆಸರನ್ನಿಟ್ಟುದು ಅರ್ಥಪೂರ್ಣವಾಗಿದೆ. ಕಾಯಿಲೆಯಾದವರಿಗೆ ಘಟಪ್ರಭಾ, ಕಾಯಿಲೆಯಾಗಬಾರದವರಿಗೆ ಕವಾಯತಿನ ಬಯಲು: ಇವೆರಡೂ ಒಂದೇ ಕಾರ್ಯದ ಎರಡು ಮುಖಗಳು.

ಸ್ವಾತಂತ್ರ್ಯಾನಂತರ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. ಕರ್ನಾಟಕದ ಶಾಲೆಗಳಲ್ಲಿ ಪಕ್ಷಾತೀತವಾಗಿ ಮಕ್ಕಳನ್ನು ಕೂಡಿಸುವ ಭಾರತ ಸೇವಾದಳವು ಅವರನ್ನೇ ತನ್ನ ಸಂಸ್ಥಾಪಕರೆಂದು ಸ್ಮರಿಸುತ್ತ ಬಂದಿದೆ. 1975ರ ಆಗಸ್ಟ್ 26ರಂದು, 86ನೆಯ ವಯಸ್ಸಿನಲ್ಲಿ, ಅವರು ಕಾಲವಶರಾದರು. ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಭಾರತದ ಅಂಚೆ ಇಲಾಖೆಯು ಅವರ ನೆನಪಿಗೆ ಅಂಚೆಚೀಟಿಯನ್ನು ಹೊರತಂದಿತು.

ಹರ್ಡೀಕರರ ದಳವು ಹುಬ್ಬಳ್ಳಿಯಲ್ಲಿ ಬೆಳೆಯುತ್ತಿದ್ದಾಗ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯು ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಸಭೆ ಕೂಡಿಸಲೂ ಸರಕಾರದ ಪೂರ್ವಾನುಮತಿ ಬೇಕಾಗಿತ್ತು. 1938ರಲ್ಲಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ನಿಷೇಧಕ್ಕೊಳಗಾಯಿತು. ಇಂಥಲ್ಲಿ ತರುಣರ ದಳ ಕಟ್ಟುವುದು ಸುಲಭದ ಮಾತಾಗಿರಲಿಲ್ಲ. 1948ರ ಸಪ್ಟೆಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ನಾಡು ಒಂದಾದ ಮೇಲೆಯೇ ಶಾಲೆಗಳ ಮೂಲಕ ಆ ಬಿಳಿಯ ಟೊಪ್ಪಿಗೆ ಕಾಗಿಣಾ ತೀರದ ಮಕ್ಕಳ ತಲೆಯನ್ನು ಸಮೃದ್ಧವಾಗಿ ಅಲಂಕರಿಸಲು ಹಾದಿಯಾಯಿತು. ಬಹಳ ತಡವಾಗಿ ದೊರೆತ ಬಯಲಿದು. ಆದುದರಿಂದಲೇ ಅದನ್ನು ಕಳೆದುಕೊಳ್ಳಬಾರದು.

ಆದರೆ ಕಳೆದುಕೊಳ್ಳುವ ಲಕ್ಷಣಗಳು ಎದ್ದು ಕಾಣುತ್ತಿವೆ. ಶಹಾಬಾದದ ಕಲ್ಲುಗಣಿಯಲ್ಲಿ ದುಡಿಯುವವನಿಗೆ ದಣಿವಿದೆ, ಧೂಳಿದೆ, ವ್ಯಾಯಾಮವಿಲ್ಲ, ವಿಶ್ರಾಂತಿಯಿಲ್ಲ. ಅಂಗಡಿಯ ಗಾದಿ, ಕಛೇರಿಯ ಕುರ್ಚಿಗಳ ಮೇಲೆ ಕುಳಿತವನಿಗೆ ವಿಶ್ರಾಂತಿಯಿದೆ, ದಣಿವಿಲ್ಲ. ಒಂದು ಕಾಲಕ್ಕೆ ಹೊಲಕ್ಕೂ ಶಾಲೆಗೂ ನಡೆದೇ ಹೋಗುತ್ತಿದ್ದ ಕಾಲುಗಳು ಇಂದು ವಾಹನವನ್ನು ಕಾಯುತ್ತವೆ. ಮಕ್ಕಳ ಸಂಜೆಯನ್ನು ಅಂಗೈಯೊಳಗಿನ ಮೊಬೈಲು ಕಸಿದುಕೊಂಡಿದೆ. 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸಾಕಷ್ಟು ದೇಹಶ್ರಮ ಇರಲಿಲ್ಲವೆಂದು 2024ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವು ತಿಳಿಸುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳು ಹೆಚ್ಚುವುದಕ್ಕೆ ಇದೂ ಒಂದು ಮುಖ್ಯ ಕಾರಣ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮೈ ಬೆವರುವ ಚಟುವಟಿಕೆ ಇರಬೇಕೆಂದು ಅದೇ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಪ್ಲೇಗಿನಂತೆ ಈ ಬೇನೆಗಳು ಊರನ್ನು ಒಮ್ಮೆಲೆ ಮುತ್ತುವುದಿಲ್ಲ. ಸದ್ದಿಲ್ಲದೆ ಮನೆಮನೆಯಲ್ಲಿ ನೆಲೆಸುತ್ತವೆ.

ಹರ್ಡೀಕರರಿಗೆ ಗೌರವ ಸಲ್ಲಿಸಲು ವರ್ಷಕ್ಕೆರಡು ದಿನದ ಕವಾಯತು ಸಾಲದು. ಪರೀಕ್ಷೆ ಹತ್ತಿರ ಬಂದಿತೆಂದು ಆಟದ ತಾಸನ್ನು ಗಣಿತಕ್ಕೆ ಬಿಟ್ಟುಕೊಡದ ಶಿಕ್ಷಕರು, ಕೊಠಡಿ ಕಟ್ಟಿಸಿ ಹೆಸರು ಕೆತ್ತಿಸುವಷ್ಟೇ ಆಸ್ಥೆಯಿಂದ ಮಕ್ಕಳ ಆಟದ ಬಯಲನ್ನು ಸಮ ಮಾಡಿಸಿ ಸುತ್ತ ನೆರಳಿನ ಗಿಡ ನೆಡಿಸುವ ದಾನಿಗಳು, ಊರಿಗೆ ಬಂದಾಗ ಒಂದು ಸಂಜೆ ಆ ಬಯಲಿಗಿಳಿದು ಮಕ್ಕಳೊಡನೆ ಓಡುವ ಹಳೆಯ ವಿದ್ಯಾರ್ಥಿಗಳು, ಇವರೇ ಆ ಮಹನೀಯರ ಸಾಲನ್ನು ಮುಂದುವರಿಸುವವರು. ಬಯಲಿನ ಮೇಲೆ ಯಾರ ಹೆಸರನ್ನೂ ಕೆತ್ತಲು ಬಾರದು. ಆದರೆ ಅಲ್ಲಿ ಓಡಿ ಬೆಳೆದ ಮಗು ನಲವತ್ತು ವರ್ಷಗಳ ನಂತರ ದವಾಖಾನೆಯ ಬಾಗಿಲನ್ನು ತುಳಿಯದಿದ್ದರೆ, ಆ ದಾನವು ಸಾರ್ಥಕವಾಯಿತೆಂದೇ ತಿಳಿಯಬೇಕು.