ಯುನಿಕ್ಸ್‌ಗೆ ಯಂತ್ರದ ಹಂಗು ತಪ್ಪಿಸಿದ ಡೆನ್ನಿಸ್ ರಿಚಿ

ಬೆಂಗಳೂರು: ಯಶವಂತಪುರ ದಾಟಿದರೆ ಸಿಗುವ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 2004ರಲ್ಲಿ ‘ಅಮಿಡಾ ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ತಯಾರಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಕನಸಿನ ಕೂಸಾಗಿದ್ದ ಆ ಗಣಕದೊಳಗಿದ್ದುದು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ. 1991ರಲ್ಲಿ ಇಂಟೆಲ್ 386 ಪ್ರೊಸೆಸರ್‌ಗೆಂದು ಹುಟ್ಟಿದ ಲಿನಕ್ಸ್, ಇಲ್ಲಿ ಬೇರೆಯೇ ಕುಲದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಮೇಲೆ ಓಡುತ್ತಿತ್ತು. ಇಂಥ ಸ್ಥಳಾಂತರಕ್ಕೆ ದಾರಿ ತೋರಿದವರಲ್ಲಿ ಪ್ರಮುಖರು ಡೆನ್ನಿಸ್ ರಿಚಿ.

1941ರ ಸೆಪ್ಟೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ರಿಚಿ ಜನಿಸಿದರು. ತಂದೆ ಆಲಿಸ್ಟೇರ್ ರಿಚಿ ಬೆಲ್ ಪ್ರಯೋಗಾಲಯದ ವಿಜ್ಞಾನಿ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಮತ್ತು ಅನ್ವಯಿಕ ಗಣಿತ ಕಲಿತ ಮಗನೂ 1967ರಲ್ಲಿ ಅದೇ ಪ್ರಯೋಗಾಲಯ ಸೇರಿದರು.

1969ರಲ್ಲಿ ಸಹೋದ್ಯೋಗಿ ಕೆನ್ ಥಾಂಪ್ಸನ್ ಪಿಡಿಪಿ-7 ಎಂಬ ಹಳೆಯ ಯಂತ್ರದ ಮೇಲೆ ಯುನಿಕ್ಸ್‌ಗೆ ಅಡಿಪಾಯ ಹಾಕಿದರು. ರಿಚಿ ಅವರಿಗೆ ಹೆಗಲು ಕೊಟ್ಟರು. ಅಂದು ಕಾರ್ಯಾಚರಣ ವ್ಯವಸ್ಥೆಗಳನ್ನು ಬಹುಮಟ್ಟಿಗೆ ಆಯಾ ಯಂತ್ರದ ಅಸೆಂಬ್ಲಿ ಭಾಷೆಯಲ್ಲೇ ಬರೆಯಲಾಗುತ್ತಿತ್ತು. ಯಂತ್ರ ಮೂಲೆ ಸೇರಿದರೆ ವರ್ಷಗಳ ಶ್ರಮವೂ ಅದರೊಡನೆ ಮಣ್ಣುಪಾಲು. ಹೊಸ ಪಿಡಿಪಿ-11 ಬಂದಾಗ ಯುನಿಕ್ಸ್ ಅನ್ನು ಮತ್ತೆ ಮೊದಲಿನಿಂದ ಬರೆಯಬೇಕಾಯಿತು.

ಇದಕ್ಕೆ ಪರಿಹಾರವಾಗಿ ಒದಗಿದ್ದು ರಿಚಿ ರೂಪಿಸಿದ ‘ಸಿ’ ಭಾಷೆ. 1973ರಲ್ಲಿ ಯುನಿಕ್ಸ್‌ನ ತಿರುಳನ್ನೇ ಸಿ ಭಾಷೆಯಲ್ಲಿ ಮರುರಚಿಸಲಾಯಿತು. ನಿಜವಾದ ಅಗ್ನಿಪರೀಕ್ಷೆ ನಡೆದದ್ದು 1977-78ರಲ್ಲಿ. 16 ಬಿಟ್‌ನ ಪಿಡಿಪಿ-11ರಲ್ಲಿ ಬೆಳೆದ ಯುನಿಕ್ಸ್ ಅನ್ನು ರಿಚಿ ಮತ್ತು ಸ್ಟೀವ್ ಜಾನ್ಸನ್ 32 ಬಿಟ್‌ನ ಇಂಟರ್‌ಡೇಟಾ 8/32 ಯಂತ್ರಕ್ಕೆ ಒಯ್ದರು. ಅದೇ ವೇಳೆಗೆ ಆಸ್ಟ್ರೇಲಿಯಾದ ವೊಲಾಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ಕೂಡ ಇಂಟರ್‌ಡೇಟಾ 7/32ರ ಮೇಲೆ ಸ್ವತಂತ್ರವಾಗಿ ಇದೇ ಸಾಹಸ ಕೈಗೊಂಡಿದ್ದರು.

ಮೊದಲು ಹೊಸ ಯಂತ್ರದ ಭಾಷೆಗೆ ತರ್ಜುಮೆ ಮಾಡುವ ಕಂಪೈಲರ್ ಸಿದ್ಧವಾಗಬೇಕಿತ್ತು. ಮೆಮೊರಿ ವಿಳಾಸಕ್ಕೂ ಸಾಮಾನ್ಯ ಸಂಖ್ಯೆಗೂ ಭೇದವೆಣಿಸದೆ ಬರೆದಿದ್ದ ಸಾಲುಗಳು ಹೊಸ ಯಂತ್ರದಲ್ಲಿ ಮುಗ್ಗರಿಸುತ್ತಿದ್ದವು. ಅವನ್ನು ಹುಡುಕಿ ತಿದ್ದಿದ್ದಲ್ಲದೆ, ಸಿ ಭಾಷೆಯ ನಿಯಮಗಳನ್ನೂ ಬಿಗಿಗೊಳಿಸಲಾಯಿತು. ಯಂತ್ರಕ್ಕೆ ಅಂಟಿಕೊಂಡ ಅಲ್ಪ ಭಾಗವನ್ನಷ್ಟೇ ಹೊಸದಾಗಿ ಬರೆದದ್ದು. ಉಳಿದ ಬಹುಪಾಲು ಹಾಗೆಯೇ ಉಳಿಯಿತು.

1983ರಲ್ಲಿ ಥಾಂಪ್ಸನ್ ಜತೆ ಟ್ಯೂರಿಂಗ್ ಪ್ರಶಸ್ತಿ, 2011ರಲ್ಲಿ ಜಪಾನ್ ಪ್ರಶಸ್ತಿ ರಿಚಿ ಅವರಿಗೆ ಸಂದವು. 2007ರಲ್ಲಿ ನಿವೃತ್ತರಾದ ಅವರು 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ಮೃತಪಟ್ಟ ಸ್ಥಿತಿಯಲ್ಲಿ ಪತ್ತೆಯಾದರು. ಅದಕ್ಕೆ ಒಂದು ವಾರ ಮೊದಲು, ಅಕ್ಟೋಬರ್ 5ರಂದು, ಆಪಲ್‌ನ ಸ್ಟೀವ್ ಜಾಬ್ಸ್ ತೀರಿಕೊಂಡಾಗ ಜಗತ್ತೇ ಕಂಬನಿ ಮಿಡಿದಿತ್ತು. ರಿಚಿ ನಿಧನಕ್ಕೆ ಆ ಮಟ್ಟದ ಪ್ರಚಾರ ದೊರೆಯಲಿಲ್ಲ.

ಯುನಿಕ್ಸ್ ವಂಶಕ್ಕೇ ಸೇರಿದ ಆಪಲ್‌ನ ಮ್ಯಾಕ್ ವ್ಯವಸ್ಥೆ 2006ರಲ್ಲಿ ಪವರ್‌ಪಿಸಿಯಿಂದ ಇಂಟೆಲ್‌ಗೆ, 2020ರಲ್ಲಿ ಇಂಟೆಲ್‌ನಿಂದ ಆಪಲ್‌ನದೇ ಚಿಪ್‌ಗೆ ಮನೆ ಬದಲಿಸಿತು. ಜಾಲಹಳ್ಳಿಯ ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನೆಲೆ ನಿಲ್ಲಲಿಲ್ಲ. ಆದರೆ ಆರ್ಮ್ ಚಿಪ್ ಮೇಲೆ ಲಿನಕ್ಸ್ ಎಂಬ ಅದೇ ಜೋಡಿ ಇಂದು ಕೋಟ್ಯಂತರ ಆಂಡ್ರಾಯ್ಡ್ ಫೋನುಗಳಲ್ಲಿ ಮನೆಮಾತಾಗಿದೆ. ಲಿನಕ್ಸ್‌ನ ತಿರುಳು ಈಗಲೂ ಬಹುಪಾಲು ರಿಚಿ ಅವರ ಸಿ ಭಾಷೆಯಲ್ಲಿಯೇ ಇದೆ.